ಧೊಪ್ಪನ ಮನೆಯ ಕರೆಂಟ್ ಸೈಕಲ್ಲು

ಐನ್ ಜರ್ರೂದ್ ಎಂಬ ಊರಿನಲ್ಲಿ ಶಲ್ಹೂಬ್ ಎಂಬ ಮನೆತನವಿದೆ ಎಂದು ಲೆಬನಾನಿನ ಸರ್ಕಾರ ಮಾತ್ರ ನಂಬಿದೆ. ಊರು ನಂಬುವುದಿಲ್ಲ. ಊರಿನ ಪಾಲಿಗೆ ಅದು ಧೊಪ್ಪನ ಮನೆ.

ಕಾರಣ ಎಲ್ಲರಿಗೂ ಗೊತ್ತು. ವದೀಹ್ ಶಲ್ಹೂಬನ ಅಜ್ಜ ತನ್ನೂಸ್, ಫ್ರೆಂಚರು ಇನ್ನೂ ಗಂಟುಮೂಟೆ ಕಟ್ಟಿರದ ಕಾಲದಲ್ಲಿ, ಯಾರದೋ ಮದುವೆಯ ದಿಬ್ಬಣದ ಮುಂದೆ ಕತ್ತೆಯೇರಿ ಬೆಟ್ಟದ ತುದಿಯ ಮಾರ್ ಎಲಿಯಾಸ್ ಚರ್ಚಿನಿಂದ ಕೆಳಗಿನ ಚೌಕಕ್ಕೆ ಇಳಿದ. ರಸ್ತೆಯಲ್ಲಿ ಅಲ್ಲ, ಆಡುಗಳ ದಾರಿಯಲ್ಲಿ. ಅರ್ಧ ದಾರಿಯಲ್ಲಿ ಮನೆಯ ಚಾವಣಿಯಷ್ಟು ಅಗಲದ ಒಂದು ಬಂಡೆ. ಅಲ್ಲಿ ಕತ್ತೆ ಒಂದು ಕಡೆ ಹೋಯಿತು, ತನ್ನೂಸ್ ಇನ್ನೊಂದು ಕಡೆ ಹೋದ. ಧೊಪ್. ಬಂಡೆಗೆ ಧೊಪ್ಪನ ಬಂಡೆ ಎಂದು ಹೆಸರಾಯಿತು, ಮನೆಗೆ ಧೊಪ್ಪನ ಮನೆ ಎಂದಾಯಿತು. ಈ ಕಥೆ ಹೇಳುವಾಗೆಲ್ಲ ಊರಿನ ಅತಿ ಹಿರಿಯಳಾದ ಉಮ್ಮ್ ನಖ್ಲೆ ಚೌಕದ ಚಿಲುಮೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ತುಟಿ ಬಿಗಿದು ತಲೆ ಅಲ್ಲಾಡಿಸುತ್ತಾಳೆ. ಅದನ್ನು ಎಲ್ಲರೂ ‘ಹೌದು’ ಎಂದೇ ತಿಳಿದಿದ್ದಾರೆ.

ಆಮೇಲೆ ಊರಿನಲ್ಲಿ ಬಾವಿಗಳು ಬತ್ತಿದವು, ಬ್ಯಾಂಕು ಮುಳುಗಿತು. ಹೆಸರು ಮಾತ್ರ ತೇಲಿಕೊಂಡು ಉಳಿಯಿತು. ಈ ಬೆಟ್ಟಗಳಲ್ಲಿ ಮನುಷ್ಯ ಪಕ್ಷ ಬದಲಿಸಬಹುದು, ದೇಶವನ್ನೂ ಬದಲಿಸಬಹುದು, ಅಡ್ಡಹೆಸರು ಬದಲಿಸಿದವರಿಲ್ಲ.

ವದೀಹನಿಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಅವನು ಪರದೆ ಹೊಲಿಯುವವನು. ಪರದೆ ಹೊಲಿಯುವವನ ಅಜ್ಜ ಎಲ್ಲಿ ಬಿದ್ದರೆ ಗಿರಾಕಿಗೇನು? ತೊಂದರೆ ಶುರುವಾದದ್ದು ಮಗಳು ರಿಂದಾಲಾಳನ್ನು ತನ್ನ ಮಗನಿಗೆ ಕೇಳಲು ಝಹ್ಲೆ ಪಟ್ಟಣದ ಇಸ್ಕಂದರ್ ಬಂದ ದಿನ. ದೊಡ್ಡ ಕಾರು, ದೊಡ್ಡ ಹೊಟ್ಟೆ, ದೊಡ್ಡ ನಗು. ಬಂದದ್ದು ಮಾತ್ರ ಬಹಳ ತಡವಾಗಿ.

“ಕ್ಷಮಿಸ್ಬೇಕು,” ಎಂದ ಇಸ್ಕಂದರ್, ಸೋಫಾದಲ್ಲಿ ಕೂತು ಕತ್ತು ಒರೆಸಿಕೊಳ್ಳುತ್ತ. “ಶಲ್ಹೂಬ್ ಮನೆ ಎಲ್ಲಿ ಅಂತ ಪೇಟೆಯೆಲ್ಲ ಕೇಳ್ದೆ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂದ್ರು. ಕಟುಕನ ಅಂಗಡೀಲಿ ಒಬ್ಬ, ‘ಪಕ್ಕದೂರಲ್ಲಿ ಒಬ್ಬ ಇದ್ದ, ಪಾಪ ಸತ್ತ’ ಅಂದ. ಕೊನೆಗೆ ‘ಪರದೆ ಹೊಲೀತಾರಲ್ಲ ಅವರು’ ಅಂದೆ ನೋಡಿ. ‘ಅಯ್ಯೋ, ಧೊಪ್ಪನ ಮನೆ ಅನ್ನಬಾರದಾ!’ ಅಂತ ಇಡೀ ಅಂಗಡಿ ಹೊರಗೆ ಬಂದು ದಾರಿ ತೋರಿಸ್ತು. ಏನದು ಧೊಪ್ಪ?”

ವದೀಹನ ಹೆಂಡತಿ ನುಹಾದ್ ಚಾವಣಿ ನೋಡಿದಳು. ಆದರೆ ಅವನ ತಾಯಿ ವರ್ದೆ, ಅತಿಥಿ ಕೇಳಿದ್ದನ್ನು ಕೊಡದಿರುವುದು ಪಾಪ ಎಂದು ನಂಬಿದವಳು. ಕಾಫಿಯೊಂದಿಗೆ ಕಥೆಯನ್ನೂ ಪೂರ್ತಿ ಬಡಿಸಿದಳು. ಕತ್ತೆಯ ಬಣ್ಣವನ್ನೂ ಬಿಡಲಿಲ್ಲ. ಇಸ್ಕಂದರ್ ಎಷ್ಟು ನಕ್ಕನೆಂದರೆ ಬಟ್ಟಲಿನ ಕಾಫಿ ತಟ್ಟೆಗೆ ಬಂತು.

ವದೀಹನೂ ಜೊತೆಗೆ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ನಗಲಿಲ್ಲ. ಕಾಲ ಮೇಲೆ ಕಾಲು ಹಾಕಿದ.

“ಅದು ಹಳೇ ಕಥೆ,” ಎಂದ. “ಈಗ ಆ ದಾರೀಲಿ ನಾನೇ ಇಳೀತೀನಿ. ಸೈಕಲ್ಲಲ್ಲಿ.”

ಮೀಸೆ ಬಂದ ಮೇಲೆ ಅವನು ಸೈಕಲ್ ಮುಟ್ಟಿದ್ದಿಲ್ಲ. ಇದು ಮನೆಯವರಿಗೆಲ್ಲ ಗೊತ್ತಿತ್ತು. ಮನೆಯವರೆಲ್ಲ ಬಾಯಿ ಮುಚ್ಚಿದರು.

“ಸೈಕಲ್ಲಲ್ಲಿ!” ಇಸ್ಕಂದರನ ಕಣ್ಣು ಅರಳಿತು. “ನನ್ನ ಮಗನಿಗೂ ಅದೇ ಹುಚ್ಚು ಕಣ್ರೀ! ಅವನದಕ್ಕೆ ಬ್ಯಾಟರಿ, ಮೋಟಾರು ಎಲ್ಲ ಇದೆ. ಹತ್ತೋಕೆ ಕರೆಂಟು, ಇಳಿಯೋಕೆ ದೇವರು ಅಂತಾನೆ. ನಿಮ್ಮದೂ ಅಂಥದ್ದೇನಾ?”

“ಅಂಥದ್ದೇ. ಇನ್ನೂ ಒಂಚೂರು ದೊಡ್ಡದು.”

“ಹಾಗಾದ್ರೆ ನಿಶ್ಚಿತಾರ್ಥಾನ ಮಾರ್ ಎಲಿಯಾಸ್ ಹಬ್ಬದ ದಿನಾನೇ ಇಟ್ಕೊಳ್ಳೋಣ. ನಮ್ಮ ಕಡೇವ್ರೆಲ್ಲ ಬರ್ತೀವಿ. ನೀವು ಆ ಬಂಡೆ ಇಳಿಯೋದು ನೋಡೇ ಊಟಕ್ಕೆ ಕೂರೋದು!”

“ಬನ್ನಿ,” ಎಂದಿತು ವದೀಹನ ಬಾಯಿ. ಉಳಿದ ದೇಹಕ್ಕೆ ಸುದ್ದಿ ಆಮೇಲೆ ತಲುಪಿತು.

ಐನ್ ಜರ್ರೂದಿನಲ್ಲಿ ಹೆಣ್ಣು ನೋಡಲು ಇಬ್ಬರು ಹೋದರೂ ನಡೆಯುತ್ತದೆ. ಪ್ಲಗ್ ಇರುವ ವಸ್ತು ನೋಡಲು ಎರಡು ಕಾರು ಬೇಕು. ಸೈಕಲ್ ಆರಿಸಲು ಬೇರೂತಿಗೆ ಇಳಿದವರಲ್ಲಿ ವದೀಹ್, ನುಹಾದ್, ತಾಯಿ ವರ್ದೆ, ನುಹಾದಳ ತಮ್ಮ ಸಲ್ಲೂಮ್ ಮತ್ತು ಊರ ಮುಖ್ತಾರ್ ಇದ್ದರು. ಸಲ್ಲೂಮ್ ವೈರಿಂಗ್ ಕೆಲಸದವನು. ಮುಟ್ಟಿದ ಮನೆಗಳಲ್ಲಿ ಹೆಚ್ಚಿನವು ಇನ್ನೂ ಇವೆ. ಮುಖ್ತಾರ್ ಎಂದರೆ ಹುಟ್ಟಿದವರಿಗೂ ಸತ್ತವರಿಗೂ ಮೊಹರು ಒತ್ತುವ ಊರ ಹಿರಿಯ. ನಡುವೆ ಬದುಕಿರುವವರಿಂದ ಅವನಿಗೆ ಕೆಲಸವಿಲ್ಲ, ಹಾಗಾಗಿ ಎಲ್ಲಿಗೆ ಕರೆದರೂ ಬರುತ್ತಾನೆ.

ಅಂಗಡಿಯ ವರ್ತಾನ್, ತನ್ನ ಮುರಿದ ಮೂಳೆಗಳನ್ನು ಪದಕಗಳಂತೆ ತೋರಿಸುವ ಅರ್ಮೇನಿಯನ್ ತರುಣ.

“ಎಲ್ಲಿ ಓಡಿಸೋದು, ಖ್ವಾಜಾ?”

“ಕಡಿದಾದ ಇಳಿಜಾರು. ಬಂಡೆ, ಬೇರು, ಮುರಿದ ಮೆಟ್ಟಿಲು,” ಎಂದ ವದೀಹ್. “ಜೋರಾಗಿ.”

ವರ್ತಾನ್ ಅವನ ಹೊಟ್ಟೆ ನೋಡಿದ. ಚಪ್ಪಲಿ ನೋಡಿದ. “ಎಷ್ಟು ವರ್ಷದಿಂದ ಇಳೀತಿದೀರಿ?”

“ಮುಂದಿನ ತಿಂಗಳಿಂದ.”

ವರ್ತಾನ್ ಎರಡು ಸೈಕಲ್ ಎಳೆದು ತಂದ. “ನೋಡಿ, ಈ ಬೂದಿ ಬಣ್ಣದ್ದು ಹಗುರ, ಬ್ಯಾಟರಿ ದೊಡ್ಡದು, ದೂರ ಸುತ್ತೋಕೆ ಸರಿ. ಆದ್ರೆ ಇದ್ರಲ್ಲಿ ಬಂಡೆ ಇಳಿದ್ರೆ ನಿಮ್ಮ ಹಲ್ಲು ನಿಮಗಿಂತ ಮುಂಚೆ ಊರು ಮುಟ್ಟತ್ತೆ. ನಿಮಗೆ ಬೇಕಾದ್ದು ಈ ಕೆಂಪು. ಮುಂದಿನ ಕಾಲು ನೋಡಿ, ಒಂದು ಗೇಣು ಕುಗ್ಗತ್ತೆ. ಹಿಂದೆ ಇಷ್ಟು ದಪ್ಪ ಸ್ಪ್ರಿಂಗು. ಬ್ರೇಕು ಲಾರಿ ನಿಲ್ಲಿಸತ್ತೆ. ಮುಂದಿನ ಗಾಲಿ ದೂರಕ್ಕೆ ಚಾಚಿದೆ, ಅದಕ್ಕೇ ಕಡಿದಾದ ಕಡೆ ನೀವು ಹ್ಯಾಂಡಲ್ ದಾಟಿ ಹಾರಲ್ಲ.”

ವರ್ದೆ ಸೈಕಲ್ಲನ್ನು ಸುತ್ತು ಹಾಕಿದಳು, ಕುರಿ ಕೊಳ್ಳುವವಳಂತೆ. “ವದೀಹ್, ನಡಿ ಹೋಗೋಣ. ಮೋಸ. ಹಿಂದಿನ ಗಾಲಿ ಚಿಕ್ಕದು.”

“ಅದು ಹಾಗೇ ಇರೋದು, ಅಮ್ಮಾ. ಮುಂದಿನದು ದೊಡ್ಡದಿದ್ರೆ ಬಂಡೆ ಹತ್ತಿ ದಾಟತ್ತೆ, ಹಿಂದಿನದು ಚಿಕ್ಕದಿದ್ರೆ ತಿರುವಲ್ಲಿ ಬೇಗ ತಿರುಗತ್ತೆ.”

“ನಲವತ್ತು ವರ್ಷ ಸಂತೇಲಿ ಒಂಟಿ ಚಪ್ಪಲಿ ಮಾರೋರನ್ನ ನೋಡಿದೀನಿ, ಮಗಾ. ಜೋಡಿ ಸಿಗದೇ ಇದ್ದಾಗ ಎಲ್ಲರೂ ಇದನ್ನೇ ಹೇಳೋದು.”

ಅಷ್ಟರಲ್ಲಿ ಮುಖ್ತಾರ್ ಸೀಟಿನ ಮೇಲೆ ಕೈಯೂರಿ, ಹ್ಯಾಂಡಲಿನ ಮೇಲಿದ್ದ ಒಂದು ಗುಂಡಿ ಒತ್ತಿದ. ಸೀಟು ಸುಂಯ್ ಎಂದು ಒಳಗೆ ಇಳಿದುಹೋಯಿತು. ಮುಖ್ತಾರ್ ಎರಡೂ ಕೈ ಮೇಲೆತ್ತಿ ಗೋಡೆಗೆ ಒತ್ತಿ ನಿಂತ. “ನಾನು ಮುಟ್ಟಿಲ್ಲ! ಎಲ್ಲರೂ ಸಾಕ್ಷಿ!”

“ಅದು ಇಳಿಯೋಕೇ ಇರೋದು,” ಎಂದ ವರ್ತಾನ್, ತಾಳ್ಮೆಯಿಂದ. “ಗುಡ್ಡ ಇಳಿವಾಗ ಸೀಟು ಕೆಳಗೆ. ಹತ್ತುವಾಗ ಮೇಲೆ. ಕರೆಂಟಲ್ಲ, ಗಾಳಿ ಒತ್ತಡ. ಖ್ವಾಜಾ, ಒಂದು ನೆನಪಿಡಿ. ನಿಮ್ಮ ಕಾಲು ಸ್ವಲ್ಪ, ಹೇಗೆ ಹೇಳ್ಲಿ, ಮಿತವಾಗಿದೆ. ಸೀಟು ಮೇಲಿದ್ದಾಗ ನಿಮಗೆ ನೆಲ ಸಿಗಲ್ಲ. ನಿಲ್ಲಿಸೋ ಮುಂಚೆ ಇಳಿಸ್ಕೊಳ್ಳಿ.”

“ಎಷ್ಟು ಆಂಪಿಯರು?” ಎಂದು ಸಲ್ಲೂಮ್ ಕೇಳಿದ. ಬಂದಾಗಿನಿಂದ ಅವನು ಕೇಳಿದ್ದು ಅದೊಂದೇ ಪ್ರಶ್ನೆ.

“ಅಣ್ಣಾ, ಇಳಿಯೋಕೆ ಆಂಪಿಯರ್ ಬೇಡ.”

“ಬ್ಯಾಟರಿ ಇದೆಯಲ್ಲ?”

“ಇದೆ. ಹತ್ತೋಕೆ.”

“ಕಳಚಬಹುದಾ?”

ವರ್ತಾನ್ ಬೀಗ ತಿರುಗಿಸಿ ಸೈಕಲ್ಲಿನ ಹೊಟ್ಟೆಯಿಂದ ಬ್ಯಾಟರಿ ಎಳೆದು ತೋರಿಸಿದ. ನುಹಾದ್ ಅದನ್ನು ಮಗುವಿನಂತೆ ಎತ್ತಿಕೊಂಡಳು. ವರ್ದೆ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಆ ದೇಶದಲ್ಲಿ ಬ್ಯಾಟರಿ ಕಂಡ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಕೇಳಿದಳು.

“ಫ್ರಿಜ್ ಓಡತ್ತಾ?”

ವರ್ತಾನ್ ಬಾಯಿ ತೆರೆದ. ಎರಡು ಕಾರಿನಷ್ಟು ಗಿರಾಕಿ ಬಾಗಿಲ ಕಡೆ ನೋಡುತ್ತಿರುವುದನ್ನು ಕಂಡ. “ನಡುವೆ ಒಂದು ಇನ್ವರ್ಟರ್ ಪೆಟ್ಟಿಗೆ ಹಾಕಿದ್ರೆ...” ಎಂದ.

“ನನ್ನ ಹತ್ರ ಪೆಟ್ಟಿಗೆ ಇದೆ,” ಎಂದ ಸಲ್ಲೂಮ್.

ಮುಖ್ತಾರ್ ಬೂದಿ ಬಣ್ಣದ್ದೇ ಸರಿ, ಅದರ ಬ್ಯಾಟರಿ ದೊಡ್ಡದು ಎಂದು ವಾದಿಸಿದ. ನುಹಾದ್ ಬೂದಿ ಬಣ್ಣ ಪರದೆಗಳಿಗೆ ಹೊಂದುತ್ತದೆ ಎಂದಳು. ವದೀಹ್ ವರ್ತಾನನ ಕಿವಿಯ ಹತ್ತಿರ ಬಗ್ಗಿದ.

“ನಿಜ ಹೇಳಪ್ಪಾ. ನಾನು ತಪ್ಪು ಮಾಡಿದ್ರೆ?”

“ಬೂದಿ ಬಣ್ಣದ್ದು ನಿಮ್ಮನ್ನ ಬೀಳಿಸತ್ತೆ. ಕೆಂಪು ಒಂದೆರಡು ತಪ್ಪು ಕ್ಷಮಿಸತ್ತೆ.”

“ಕೆಂಪು ಕಟ್ಟು,” ಎಂದ ವದೀಹ್. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಕ್ಷಮಿಸುವ ವಸ್ತು ಅವನಿಗೆ ಸಿಕ್ಕಿದ್ದು ಇದೇ ಮೊದಲು.

ಅಂದಿನಿಂದ ವದೀಹ್ ದಿನವೂ ಬೆಳಿಗ್ಗೆ ಹಿಪ್ಪುನೇರಳೆ ತೋಟದ ಇಳಿಜಾರಿನಲ್ಲಿ ಅಭ್ಯಾಸ ಮಾಡಿದ. ‘ಕಣ್ಣು ಎಲ್ಲಿ ನೋಡತ್ತೋ ಸೈಕಲ್ ಅಲ್ಲಿ ಹೋಗತ್ತೆ, ಅದಕ್ಕೇ ಮರ ನೋಡಬೇಡಿ’ ಎಂದು ವರ್ತಾನ್ ಹೇಳಿಕೊಟ್ಟಿದ್ದ. ವದೀಹ್ ಪ್ರತಿ ಸಲವೂ, ಈ ಮರವನ್ನು ನೋಡಬಾರದು ಎಂದು ಆ ಮರವನ್ನೇ ನೋಡಿಕೊಂಡು ಇಳಿದ. ತೋಟದ ಮರಗಳೆಲ್ಲ ಒಂದೊಂದು ಸಲ ಅವನನ್ನು ಅಪ್ಪಿಕೊಂಡವು. ಆದರೆ ದಿನದಿಂದ ದಿನಕ್ಕೆ ಅಪ್ಪುಗೆ ಕಡಿಮೆಯಾಯಿತು, ಇದು ಸುಳ್ಳಲ್ಲ. ಸೈಕಲ್ಲು ನಿಜವಾಗಿಯೂ ಒಳ್ಳೆಯದಿತ್ತು. ಕಲ್ಲಿನ ಮೇಲೆ ಹೋದರೆ ಹಾಸಿಗೆಯ ಮೇಲೆ ಹೋದಂತೆ.

ಮಧ್ಯಾಹ್ನ ಅವನು ಮುಲಾಮು ಹಚ್ಚಿ ಮಲಗಿದಾಗ, ಬ್ಯಾಟರಿ ಬೇರೆ ಕೆಲಸಕ್ಕೆ ಹೋಗುತ್ತಿತ್ತು.

ಐನ್ ಜರ್ರೂದಿಗೆ ಸರ್ಕಾರದ ಕರೆಂಟು ದೂರದ ನೆಂಟನ ಹಾಗೆ ಯಾವಾಗಲೋ ಬಂದು, ಕಾಫಿಗೂ ನಿಲ್ಲದೆ ಹೋಗುತ್ತದೆ. ಉಳಿದ ಹೊತ್ತಿನ ಬೆಳಕೆಲ್ಲ ಅಬು ಫವ್ವಾಜನ ಜನರೇಟರಿನದು. ಊರಿನ ಮೇಲೆ ಹೋಗುವ ಅಷ್ಟೂ ತಂತಿಗಳು ಅವನ ಕೊಟ್ಟಿಗೆಯಿಂದಲೇ ಹೊರಡುತ್ತವೆ. ಮಧ್ಯಾಹ್ನ ಜನರೇಟರ್ ನಿಲ್ಲುತ್ತದೆ, ಯಾಕೆಂದರೆ ಅಬು ಫವ್ವಾಜ್ ಮಲಗುತ್ತಾನೆ. ಅವನು ಮಲಗಿದಾಗ ಊರಿನಲ್ಲಿ ಫ್ಯಾನು ತಿರುಗುವುದು ಅವನಿಗೆ ಅಗೌರವ. ಆ ಊರಿನಲ್ಲಿ ದೇವರನ್ನು ಬೈದು ಬದುಕಿದವರಿದ್ದಾರೆ. ಅಬು ಫವ್ವಾಜನನ್ನು ಬೈದವರು ಮೇಣದಬತ್ತಿ ಕೊಂಡಿದ್ದಾರೆ.

ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಉಪ್ಪು ಕೇಳಲು ಬಂದಾಗ ವರ್ದೆ ಅವಳಿಗೆ ತಣ್ಣನೆಯ ನೀರು ಕೊಟ್ಟಳು. ಲೋಟದ ಹೊರಗೆ ಬೆವರಿತ್ತು. ಪಕ್ಕದ ಮನೆಯವಳು ಲೋಟ ನೋಡಿದಳು, ಗಡಿಯಾರ ನೋಡಿದಳು, ಉಪ್ಪು ಮರೆತು ಓಡಿದಳು. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು, ಚಾರ್ಜಿಗೆ. ಅದರ ಹಿಂದೆ ಅವಳ ನಾದಿನಿಯ ಫೋನು. ಆಮೇಲೆ ಒಬ್ಬಳು ಕೂದಲು ಒಣಗಿಸುವ ಯಂತ್ರ ಹಿಡಿದು, ಒದ್ದೆ ತಲೆಯಲ್ಲೇ ಬಂದಳು. ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ವರ್ದೆಗೆ ನಿದ್ದೆ ಬರುವುದಿಲ್ಲ. ಎಲ್ಲರಿಗೂ ಕರೆಂಟು ಕೊಟ್ಟಳು, ಜೊತೆಗೆ ಕಾಫಿ.

ಧೊಪ್ಪನ ಮನೆಯವನು ಊರಿಗೆ ಬೇರೆ ಕರೆಂಟು ತಂದಿದ್ದಾನಂತೆ ಎಂಬ ಸುದ್ದಿ ಬೇಕರಿಯಲ್ಲಿ ಹುಟ್ಟಿ, ಕ್ಷೌರದಂಗಡಿಯಲ್ಲಿ ಮೀಸೆ ಬೆಳೆಸಿಕೊಂಡು, ಅಬು ಫವ್ವಾಜನ ಹಾಸಿಗೆಯ ಪಕ್ಕಕ್ಕೆ ತಲುಪುವಾಗ ಬೆಟ್ಟದ ಮೇಲೆ ವಿದ್ಯುತ್ ಸ್ಥಾವರವೇ ಆಗಿತ್ತು. ಮೊದಲು ವದೀಹನ ಮನೆಯ ತಂತಿ ತುಂಡಾಯಿತು. ಆಮೇಲೆ ಅಬು ಫವ್ವಾಜನೇ ಬಂದ. ಮುಖದ ಎರಡೂ ಬದಿಗೆ ಚಾಚಿದ ಮೀಸೆ, ಹಿಂದೆ ಅರ್ಧ ಊರು.

“ಏನೋ ಶುರು ಮಾಡಿದೀಯಂತೆ.”

ವದೀಹ್ ಮೊಣಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಊರಿಗೆ ತನ್ನ ಸಾಹಸ ತಿಳಿಯಿತೆಂದು ಎದೆಯುಬ್ಬಿತು. “ಹೌದು ಮಾರಾಯಾ. ಹಬ್ಬದ ದಿನ ಎಲ್ರೂ ನೋಡ್ತೀರಿ.”

“ನನ್ನನ್ನ ಕೇಳ್ದೆ?”

“ನಿನ್ನನ್ಯಾಕೆ ಕೇಳ್ಬೇಕು? ನಮ್ಮ ಅಜ್ಜ ಮಾಡಿದ ಕೆಲಸ, ನಾನು ಮುಂದುವರಿಸ್ತೀನಿ.”

“ನಿಮ್ಮಜ್ಜ?” ಅಬು ಫವ್ವಾಜ್ ಜನರತ್ತ ತಿರುಗಿದ. “ಇವರಜ್ಜನ ಕಾಲದಲ್ಲಿ ಕರೆಂಟೆಲ್ಲಿತ್ತು?”

“ಕತ್ತೆ ಇತ್ತು,” ಎಂದ ವದೀಹ್. “ಅದರಿಂದಾನೇ ಮಾಡಿದ.”

ಕತ್ತೆಯಿಂದ ಕರೆಂಟು ತೆಗೆಯುವ ಮನೆತನವೊಂದು ಊರಿನಲ್ಲಿ ಗುಟ್ಟಾಗಿ ಇತ್ತೆಂಬ ವಿಚಾರ ಅರ್ಧ ಊರನ್ನೂ ಕ್ಷಣ ಹೊತ್ತು ದಂಗುಬಡಿಸಿತು. ನುಹಾದ್ ಒಳಗಿನಿಂದ ಕೂಗಿದಳು, “ಅಯ್ಯೋ, ಅವರು ಫ್ರಿಜ್ಜಿನ ಮಾತಾಡ್ತಿದಾರೆ ಕಣ್ರೀ! ಇವರು ಸೈಕಲ್ಲಿನ ಮಾತಾಡ್ತಿದಾರೆ!”

ವಿಷಯ ಬಿಡಿಸಲು ಒಂದು ಸುತ್ತು ಕಾಫಿ ಬೇಕಾಯಿತು. ಕೇಳಿ ಮುಗಿದ ಮೇಲೆ ಅಬು ಫವ್ವಾಜನಿಗೆ ಸಿಟ್ಟಿಳಿದು ನಗು ಹತ್ತಿತು.

“ಧೊಪ್ಪನ ಮೊಮ್ಮಗ, ಧೊಪ್ಪನ ಬಂಡೆ ಮೇಲಿಂದ, ಸೈಕಲ್ಲಲ್ಲಿ! ಲೋ, ಇದನ್ನ ಮೊದಲೇ ಹೇಳಿದ್ರೆ ನಿನ್ನ ತಂತಿ ಕತ್ತರಿಸ್ತಿರಲಿಲ್ಲ, ಹೂ ಕಟ್ತಿದ್ದೆ. ಕೇಳ್ರೋ ಎಲ್ಲಾ! ಇವನು ಚೌಕಕ್ಕೆ ಇಳಿದು ಬಂದ್ರೆ ಹಬ್ಬದ ರಾತ್ರಿ ಬೆಳಗಿನ ತನಕ ಜನರೇಟರ್ ನಿಲ್ಲಿಸಲ್ಲ. ಅದರ ಮೇಲೆ ಈ ಮೀಸೆನೂ ತೆಗೀತೀನಿ.”

ಜನ ಹೋ ಎಂದರು.

“ಬಿದ್ರೆ?” ಎಂದ ಮುಖ್ತಾರ್. ನ್ಯಾಯ ಎರಡೂ ಕಡೆಯಿಂದ ಇರಬೇಕಲ್ಲ.

“ಬಿದ್ರೆ ಅವನೇ ತನ್ನ ಕೈಯಾರೆ ‘ಧೊಪ್ಪನ ಮನೆ’ ಅಂತ ದೊಡ್ಡ ಬಟ್ಟೆ ಹೊಲಿದು ಮನೆ ಮುಂದೆ ಕಟ್ಟಲಿ. ನಾಳೆ ಬೀಗರು ದಾರಿ ತಪ್ಪಬಾರದಲ್ಲ!”

“ಒಪ್ಪಿದೆ,” ಎಂದ ವದೀಹ್. ಒಳಗೆ ರಿಂದಾಲಾ ತಲೆಗೆ ದಿಂಬು ಒತ್ತಿಕೊಂಡಳು.

ಹಬ್ಬದ ದಿನ ಝಹ್ಲೆಯಿಂದ ಏಳು ಕಾರು ಬಂದವು. ಚೌಕದಲ್ಲಿ ಇಸ್ಕಂದರನ ಕಡೆಯವರಿಗೆ ಮೊದಲ ಸಾಲಿನ ಕುರ್ಚಿ. ಚಾವಣಿಗಳ ಮೇಲೆ ಊರು, ಊರಿನ ಕೈಯಲ್ಲಿ ಹುರಿದ ಬೀಜದ ತಟ್ಟೆಗಳು. ದಿನವೂ ಕತ್ತಲೆಗೆ ಬೈಯುತ್ತಿದ್ದವರೆಲ್ಲ ಅಂದು ವದೀಹನ ಪರವಾಗಿ ಮಾರ್ ಎಲಿಯಾಸನಿಗೆ ಮೇಣದಬತ್ತಿ ಹಚ್ಚಿದ್ದರು. ಬೆಳಗಿನ ತನಕ ಫ್ಯಾನು ತಿರುಗುವುದೆಂದರೆ ಸಣ್ಣ ಮಾತಲ್ಲ.

ಬೆಟ್ಟದ ತುದಿಗೆ ಹತ್ತಲು ವದೀಹ್ ಸೈಕಲ್ ಹೊರಗೆ ತಂದು ಗುಂಡಿ ಒತ್ತಿದ. ದೀಪ ಬರಲಿಲ್ಲ. ಮತ್ತೆ ಒತ್ತಿದ.

“ಅಮ್ಮಾ!”

“ಏನೋ ಮಗಾ? ಬೀಗರಿಗೆ ಮೂರು ತಟ್ಟೆ ಕಿಬ್ಬೆ ಮಾಡಿಟ್ಟಿದ್ದೆ. ತಂತಿ ಕತ್ತರಿಸಿದಾನಲ್ಲ ಆ ಮೀಸೆ, ಈ ಬಿಸಿಲಿಗೆ ಹಸಿ ಮಾಂಸ ಹಳಸಬೇಕಿತ್ತಾ? ಬ್ಯಾಟರಿ ಅದಕ್ಕೇ ಹಾಕಿದ್ದೆ. ಈಗ ಸೈಕಲ್ಲೊಳಗೆ ವಾಪಸ್ ಇಟ್ಟಿದೀನಿ ನೋಡು, ಒರೆಸಿ.”

ಕರೆಂಟಿಲ್ಲವಂತೆ ಎಂಬ ಮಾತು ಚಾವಣಿಯಿಂದ ಚಾವಣಿಗೆ ಹಾರಿತು. ಚೌಕದಲ್ಲಿ ಗೋಳು ಎದ್ದಿತು. ಮುಖ್ತಾರ್ ಧ್ವನಿವರ್ಧಕ ಹಿಡಿದು, ತಾಂತ್ರಿಕ ಕಾರಣಗಳಿಂದ ಇಳಿಯುವ ಕಾರ್ಯಕ್ರಮವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ ಎಂದು ಹೇಳಿಯೂಬಿಟ್ಟ. ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಅಬು ಫವ್ವಾಜನಿಗೆ. ಅವನು ಪಿಕಪ್ ಗಾಡಿ ಓಡಿಸಿಕೊಂಡು ಬಂದ.

“ಹತ್ತಿಸು ಸೈಕಲ್ಲು! ಕರೆಂಟ್ ತೆಗೆದು ಗೆದ್ದ ಅಂತ ನಾಳೆ ನನ್ನನ್ನ ಬಾಯಿಗೆ ಬಂದಹಾಗೆ ಆಡ್ತಾರೆ. ತುದೀಗೆ ನಾನು ಮುಟ್ಟಿಸ್ತೀನಿ. ಸಣ್ಣ ಜನರೇಟರೂ ಹಾಕ್ಕೊಂಡಿದೀನಿ, ಅಲ್ಲೇ ತುಂಬಿಸ್ಕೋ. ಆಮೇಲೆ ಬೀಳು, ಮರ್ಯಾದೆಯಾಗಿ.”

“ತುದೀಗೆ ಮುಟ್ಟಿಸು. ಜನರೇಟರ್ ಬೇಡ,” ಎಂದ ವದೀಹ್, ಬ್ಯಾಟರಿ ಕಳಚಿ ತಾಯಿಯ ಕೈಗಿಡುತ್ತ. “ಇಳಿಯೋಕೆ ಕರೆಂಟ್ ಯಾಕೆ?”

ಚೌಕದಿಂದ ಓಡಿಬಂದ ಮುಖ್ತಾರ್ ಅವನ ಭುಜ ಹಿಡಿದ. “ಕರೆಂಟಿಲ್ದೆ ಹೇಗೋ ಇಳೀತೀಯಾ? ಹುಚ್ಚಾ?”

“ನಮ್ಮ ದೇಶ ಇಷ್ಟು ವರ್ಷದಿಂದ ಇಳೀತಾ ಇದೆಯಲ್ಲ, ಮುಖ್ತಾರ್. ಕರೆಂಟಿತ್ತಾ?”

ಮುಖ್ತಾರ್ ಭುಜ ಬಿಟ್ಟು, ಸೈಕಲ್ಲಿನ ಹಿಂದಿನ ಗಾಲಿ ಹಿಡಿದು ಪಿಕಪ್ಪಿಗೆ ಎತ್ತಿದ.

ಚರ್ಚಿನ ಮುಂದೆ ಪಾದ್ರಿ ಸೈಕಲ್ಲಿಗೆ ತೀರ್ಥ ಚಿಮುಕಿಸಿದ. ಬ್ಯಾಟರಿಯಿಲ್ಲದ ಹೊಟ್ಟೆ ಬಾಯಿ ತೆರೆದಿತ್ತು. ಅದರೊಳಗೂ ನಾಲ್ಕು ಹನಿ ಬಿತ್ತು. ವದೀಹ್ ಹೆಲ್ಮೆಟ್ಟು ಬಿಗಿದ, ಗುಂಡಿ ಒತ್ತಿ ಸೀಟು ಇಳಿಸಿದ, ಬ್ರೇಕ್ ಬಿಟ್ಟ.

ಮೊದಲ ತಿರುವಿನ ಬೇರುಗಳ ಮೇಲೆ ಸೈಕಲ್ಲು ಬೆಕ್ಕಿನ ಹಾಗೆ ಹರಿಯಿತು. ಮುರಿದ ಮೆಟ್ಟಿಲುಗಳಲ್ಲಿ ಮುಂದಿನ ಕಾಲು ಕುಗ್ಗಿ ಎದ್ದು ಕುಗ್ಗಿತು. ವದೀಹನ ಹೊಟ್ಟೆಯೂ ಹಾಗೆಯೇ ಮಾಡಿತು, ಒಂದು ಕ್ಷಣ ತಡವಾಗಿ. ಬ್ಯಾಟರಿಯ ಭಾರ ತಪ್ಪಿದ್ದರಿಂದ ಸೈಕಲ್ಲು ಅಭ್ಯಾಸದಲ್ಲಿ ಇದ್ದದ್ದಕ್ಕಿಂತ ಚುರುಕಾಗಿತ್ತು. ಹಿಂದಿನ ಚಿಕ್ಕ ಗಾಲಿ ಇಕ್ಕಟ್ಟಿನ ತಿರುವಿನಲ್ಲಿ ಪುಟ್ಟ ನಾಯಿಯಂತೆ ಬಾಲ ತಿರುಗಿಸಿತು. ಒಂದು ಕಡೆ ಅವನು ತಪ್ಪು ಬ್ರೇಕ್ ಹಿಡಿದ. ಕೆಂಪು ಸೈಕಲ್ಲು ಕ್ಷಮಿಸಿತು.

ಆಮೇಲೆ ಬಂಡೆ ಬಂತು. ಕೆಳಗಿನಿಂದ ಊರೆಲ್ಲ ಒಟ್ಟಿಗೆ ಉಸಿರೆಳೆದದ್ದು ಅವನಿಗೆ ಕೇಳಿಸಿತು. ಬಂಡೆ ನೋಡಬಾರದು. ಆ ಬಂಡೆ ಬಿಟ್ಟು ಎಲ್ಲಿ ನೋಡುವುದು? ದೂರದ ಚೌಕದಲ್ಲಿ ಅವನ ತಾಯಿ ಬೀಗರ ನಡುವೆ ಹಿತ್ತಾಳೆಯ ಕಾಫಿ ಪಾತ್ರೆ ಹಿಡಿದು ನಡೆಯುತ್ತಿದ್ದಳು, ಅದು ಬಿಸಿಲಿಗೆ ಹೊಳೆಯುತ್ತಿತ್ತು. ವದೀಹ್ ಅದನ್ನೇ ನೋಡಿದ. ಹಿಂದಕ್ಕೆ ಸರಿದು, ಮೊಣಕಾಲು ಸಡಿಲಿಸಿ, ಕಾಫಿಯನ್ನೇ ನೋಡಿಕೊಂಡು ಇಳಿದ. ಟಯರು ಒಮ್ಮೆ ಜಾರಿತು, ಕಚ್ಚಿತು. ಬಂಡೆ ಮುಗಿದುಹೋಯಿತು. ಎಪ್ಪತ್ತೆಂಬತ್ತು ವರ್ಷ ಊರಿಗೆ ಹೆಸರು ಹಂಚಿದ ಬಂಡೆ ಅಷ್ಟು ಬೇಗ ಮುಗಿಯಬಹುದೆಂದು ಅವನು ಎಣಿಸಿರಲಿಲ್ಲ.

ಚಾವಣಿಗಳ ಮೇಲೆ ಕಿರುಚಾಟ, ಹೆಂಗಸರ ಉಲುಲು ಕೂಗು, ಸಿಡಿಮದ್ದು. ಒಬ್ಬ ಕ್ಷೌರಿಕ ಕತ್ತಿ ಮಸೆದುಕೊಂಡು ಅಬು ಫವ್ವಾಜನನ್ನು ಹುಡುಕಿದ. ವದೀಹ್ ಕಮಾನಿನ ಕೆಳಗಿಂದ ಚೌಕಕ್ಕೆ ಉರುಳಿ ಬಂದ. ಬಂದವನು ಬೀಗರನ್ನು ಕಂಡ. ಇಸ್ಕಂದರ್ ಎದ್ದು ನಿಂತಿದ್ದಾನೆ. ಇಷ್ಟು ಜನರ ಮುಂದೆ ಸೀಟಿನಲ್ಲಿ ಕುಗ್ಗಿ, ಕಪ್ಪೆಯ ಹಾಗೆ ಕೂತು ಹೋಗುವುದೇ? ವದೀಹ್ ಗುಂಡಿ ಒತ್ತಿದ. ಸೀಟು ಮೇಲೆದ್ದಿತು, ಸಿಂಹಾಸನದಂತೆ. ಬೆನ್ನು ನೆಟ್ಟಗೆ ಮಾಡಿ, ಸುಲ್ತಾನನಂತೆ ಕುರ್ಚಿಗಳ ಮುಂದೆ ಸಾಗಿ, ಸರಿಯಾಗಿ ಇಸ್ಕಂದರನ ಎದುರು ನಿಲ್ಲಿಸಿ, ಎರಡೂ ಕೈ ಮೇಲೆತ್ತಿದ.

ಕಾಲು ಚಾಚಿದ. ನೆಲ ಸಿಗಲಿಲ್ಲ.

ಧೊಪ್.

ಚಾವಣಿಯ ಮೇಲಿಂದ ಒಂದು ಬೀಜದ ತಟ್ಟೆ ಚಿಲುಮೆಗೆ ಬಿತ್ತು.

“ಬಿದ್ದ!” ಎಂದು ಅಬು ಫವ್ವಾಜ್ ರಸ್ತೆಯಲ್ಲಿ ಆಗಷ್ಟೇ ಇಳಿದು ಬಂದ ಪಿಕಪ್ಪಿನಿಂದ ಜಿಗಿದ. “ಬಿದ್ದ, ಬಿದ್ದ! ಎಲ್ಲರೂ ನೋಡಿದ್ರಿ!”

“ಇಳಿದ ಮೇಲೆ ಬಿದ್ದಿದ್ದು!” ಎಂದು ಚಾವಣಿಗಳು ಗರ್ಜಿಸಿದವು. “ಫ್ಯಾನು! ಫ್ಯಾನು!”

“ನಿಂತ ಸೈಕಲ್ಲಿಂದ ಬಿದ್ರೆ ಬಿದ್ದಹಾಗಲ್ಲ,” ಎಂದ ಸಲ್ಲೂಮ್. “ಮಂಚದಿಂದ ಬಿದ್ದಹಾಗೆ.”

“ಮಂಚದಿಂದ ಬಿದ್ದೋನೂ ಬಿದ್ದೋನೇ! ತನ್ನೂಸ್ ಬಂಡೆ ಮೇಲೆ ಬಿದ್ದ, ಇವನು ಚೌಕದಲ್ಲಿ ಬಿದ್ದ. ಜಾಗ ಬೇರೆ, ಮನೆ ಒಂದೇ!”

“ತನ್ನೂಸ್ ಬಂಡೆ ಮೇಲೆ ಬೀಳಲಿಲ್ಲ.”

ಹೇಳಿದ್ದು ಉಮ್ಮ್ ನಖ್ಲೆ. ಅವಳ ದನಿ ಎಷ್ಟು ತೆಳ್ಳಗಿತ್ತೆಂದರೆ ಅದನ್ನು ಕೇಳಲು ಚೌಕವೆಲ್ಲ ಬಾಯಿ ಮುಚ್ಚಬೇಕಾಯಿತು.

“ನಾನು ಆಗ ಏಳು ವರ್ಷದೋಳು. ಇದೇ ಚಿಲುಮೆ ಪಕ್ಕ ನಿಂತಿದ್ದೆ. ತನ್ನೂಸ್ ಬಂಡೆ ಚೆನ್ನಾಗೇ ಇಳಿದ. ರಾಜನ ಹಾಗೆ ಬಂದ. ಇಲ್ಲೇ, ಮದುಮಗಳ ಮನೆಯವರ ಮುಂದೆ ಕತ್ತೆ ನಿಲ್ಲಿಸಿ, ಟೋಪಿ ತೆಗೆದು ಮೇಲೆತ್ತಿದ. ನಿಂತ ಕತ್ತೆಯಿಂದ ಬಿದ್ದ. ಇವನು ಬಿದ್ದಲ್ಲೇ, ನಾಲ್ಕು ಕಲ್ಲು ಆಚೆ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ, ಅಜ್ಜೀ?” ಎಂದು ನೆಲದಿಂದಲೇ ವದೀಹ್ ಕೂಗಿದ. “ಆ ಕಥೆ ಹೇಳಿದಾಗೆಲ್ಲ ನೀನು ತಲೆ ಆಡಿಸ್ತಿದ್ದೆಯಲ್ಲ?”

“ಇಲ್ಲ ಅಂತ ಆಡಿಸ್ತಿದ್ದೆ. ನೀವು ನಗ್ತಾ ಇದ್ರಿ. ನಗೋರು ಕೇಳ್ತಾರಾ?”

ಎಲ್ಲರೂ ಮುಖ್ತಾರನ ಕಡೆ ನೋಡಿದರು. ಬದುಕಿರುವವರಿಂದ ಅವನಿಗೆ ಮೊದಲ ಸಲ ಕೆಲಸ ಬಂದಿತ್ತು. ಅವನು ಕೋಟಿನ ಗುಂಡಿ ಹಾಕಿಕೊಂಡ.

“ವದೀಹ್ ಚೌಕಕ್ಕೆ ಇಳಿದು ಬಂದ. ಆದ್ದರಿಂದ ಅಬು ಫವ್ವಾಜ್ ಸೋತ. ವದೀಹ್ ಬಿದ್ದ. ಆದ್ದರಿಂದ ವದೀಹನೂ ಸೋತ. ಇಬ್ಬರೂ ಮಾತು ಉಳಿಸ್ಕೊಳ್ಳಿ.”

“ಮೀಸೆನೂ?” ಎಂದ ಅಬು ಫವ್ವಾಜ್.

“ಮೀಸೆನೂ.”

ಹಿಂದಿನಿಂದ ಕ್ಷೌರಿಕ ಮೃದುವಾಗಿ ಅವನ ಭುಜ ತಟ್ಟಿದ.

ಇಸ್ಕಂದರ್ ಬಗ್ಗಿ ವದೀಹನತ್ತ ಕೈ ಚಾಚಿದ. ದೊಡ್ಡ ಮನುಷ್ಯನ ಕಣ್ಣಲ್ಲಿ ನೀರಿತ್ತು. ನಗುವನ್ನು ತಡೆದದ್ದರಿಂದ ಬಂದ ನೀರು. “ಸೈಕಲ್ ಸಾಹೇಬ್ರೇ, ಆ ಬಂಡೆ ಇಳಿಯೋಕೆ ನನ್ನ ಮಗನಿಗೂ ಧೈರ್ಯ ಬರಲ್ಲ. ಒಂದು ಹೇಳಿಬಿಡಿ. ನಾಳೆ ನಮ್ಮೂರಲ್ಲಿ ಯಾವ ಮನೆ ಹೆಣ್ಣು ತಂದೆ ಅಂತ ಕೇಳ್ತಾರೆ. ಏನಂತ ಹೇಳ್ಲಿ?”

ವದೀಹ್ ಹೆಲ್ಮೆಟ್ಟು ತೆಗೆದು, ಧೂಳು ಕೊಡವಿ, ನೆಲದ ಮೇಲೆಯೇ ಕಾಲ ಮೇಲೆ ಕಾಲು ಹಾಕಿದ.

“ಬೆಳಿಗ್ಗೆ ನಮ್ಮನೆ ಮುಂದೆ ಬರೆದಿರತ್ತೆ. ಓದ್ಕೊಂಡು ಹೋಗಿ.”

ಆ ರಾತ್ರಿ ಐನ್ ಜರ್ರೂದಿನಲ್ಲಿ ಎಲ್ಲ ಫ್ಯಾನುಗಳೂ ತಿರುಗಿದವು. ವದೀಹನ ಹೊಲಿಗೆ ಯಂತ್ರವೂ ತಿರುಗಿತು, ಅಬು ಫವ್ವಾಜ್ ತಾನೇ ಕೂಡಿಸಿಕೊಟ್ಟ ತಂತಿಯಲ್ಲಿ. ಬೆಳಿಗ್ಗೆ ಝಹ್ಲೆಯವರ ಏಳು ಕಾರುಗಳೂ ಆ ಮನೆಯ ಮುಂದೆ ನಿಧಾನ ಮಾಡಿದವು. ಬಾಲ್ಕನಿಯಿಂದ ಕಡುಗೆಂಪು ಮಖಮಲ್ಲಿನ ಪರದೆಯೊಂದು ಇಳಿಬಿದ್ದಿತ್ತು. ಅದರ ಅಂಚಿಗೆ ಚಿನ್ನದ ಜಾಲರಿ, ಮದುವೆ ಮಂಟಪಕ್ಕೆ ಹೊಲಿಯುವಂಥದ್ದು. ಅದರ ಮೇಲೆ ಬೆಟ್ಟದ ತುದಿಗೂ ಕಾಣುವಷ್ಟು ದೊಡ್ಡ ಅಕ್ಷರ:

ಧೊಪ್ಪನ ಮನೆ. ಇಳಿದ ಮೇಲೆ ಬಿದ್ದವರು.